ಹಾಜರಿ ಪುಸ್ತಕವೂ ಹೊಳೆಯ ನೀರೂ



ಜೂನ್ ತಿಂಗಳು ಬಂತೆಂದರೆ ನಮ್ಮ ಕಾರ್ಖಾನೆ, ಕಂಪನಿಗಳ ಸಿಬ್ಬಂದಿ ವಿಭಾಗಕ್ಕೆ ಒಂದು ಕೆಲಸ ಕಾಯಂ. 5ನೇ ತಾರೀಕು ವಿಶ್ವ ಪರಿಸರ ದಿನ. ನರ್ಸರಿಯಿಂದ ಸಸಿ ತರಿಸಬೇಕು, ಬ್ಯಾನರ್ ಬರೆಸಬೇಕು, ದೊಡ್ಡ ಸಾಹೇಬರ ಕೈಗೆ ನೀರಿನ ಕ್ಯಾನ್ ಕೊಟ್ಟು ಫೋಟೊ ತೆಗೆಸಬೇಕು. ಆಮೇಲೆ ಬಿಸ್ಕತ್ತು, ಕಾಫಿ. ಕಾಫಿ ಬರುವುದು ಕಾಗದದ ಲೋಟದಲ್ಲಿ. ಇದನ್ನು ಗೇಲಿ ಮಾಡುವುದು ಸುಲಭ, ನಾನು ಮಾಡುವುದಿಲ್ಲ. ನೆಟ್ಟ ಸಸಿಯಿಂದ ಯಾರಿಗೂ ನಷ್ಟವಿಲ್ಲ. ನನ್ನ ಕುತೂಹಲ ಇರುವುದು ಅದೇ ವಿಭಾಗ ವರ್ಷದ ಉಳಿದ 364 ದಿನ ಹೊರಡಿಸುವ ಸುತ್ತೋಲೆಗಳ ಬಗ್ಗೆ. ಕೆಲಸಕ್ಕೆ ಎಷ್ಟು ಗಂಟೆಗೆ ಬರಬೇಕು, ಯಾವುದರಲ್ಲಿ ಬರಬೇಕು, ಯಾರು ಕಾಯಂ, ಯಾರು ಗುತ್ತಿಗೆ, ಯಾರಿಗೆ ಬಡ್ತಿ, ಯಾರಿಗೆ ತರಬೇತಿ, ಯಾರ ಮಾತು ಮೇಲಿನವರ ಕಿವಿಗೆ ಬೀಳುತ್ತದೆ. ಪರಿಸರ ಅನ್ನುವ ಶಬ್ದವೇ ಇಲ್ಲದ ಈ ಕಾಗದಗಳು ಊರಿನ ಗಾಳಿಗೂ ಹೊಳೆಯ ನೀರಿಗೂ ಮಾಡುವಷ್ಟು ಒಳಿತು ಕೆಡುಕನ್ನು ಸಸಿ ನೆಡುವ ಸಮಾರಂಭಗಳು ಮಾಡಲಾರವು. ಇವತ್ತಿನ ಮಾತು ಅದರ ಸುತ್ತ.

ಈ ವಿಷಯಕ್ಕೆ ಈಗ ಹಸಿರು ಮಾನವ ಸಂಪನ್ಮೂಲ ನಿರ್ವಹಣೆ ಎಂಬ ಉದ್ದನೆಯ ಹೆಸರಿದೆ. 1996ರಲ್ಲಿ ವಾಲ್ಟರ್ ವೆರ್ಮೇಯರ್ ಎಂಬ ವಿದ್ವಾಂಸ ಇದರ ಬಗ್ಗೆ ಒಂದು ಲೇಖನ ಸಂಗ್ರಹ ತಂದರು. 2013ರಲ್ಲಿ ಡಗ್ಲಾಸ್ ರೆನ್ವಿಕ್ ಮತ್ತು ಅವರ ಸಂಗಡಿಗರು ಅದುವರೆಗಿನ ಸಂಶೋಧನೆಯನ್ನೆಲ್ಲ ಜಾಲಾಡಿ ಒಂದು ದೀರ್ಘ ಪ್ರಬಂಧ ಬರೆದರು. ಅವರ ಪ್ರಕಾರ ನೌಕರನಿಗೆ ಪರಿಸರದ ತಿಳಿವಳಿಕೆ ಇರಬೇಕು, ಅದರಂತೆ ನಡೆಯಲು ಹುರುಪು ಬರಬೇಕು, ನಡೆಯುವುದಕ್ಕೆ ಅವಕಾಶ ಸಿಗಬೇಕು. ನಮ್ಮ ಕಂಪನಿಗಳು ಮೊದಲನೆಯದಕ್ಕೆ ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಪಾಠ ಇಟ್ಟಿವೆ, ಎರಡನೆಯದಕ್ಕೆ ಪ್ರಶಸ್ತಿ ಫಲಕ ಇಟ್ಟಿವೆ. ಮೂರನೆಯದರ ಹತ್ತಿರ ಹೋಗಲು ಹಿಂಜರಿಯುತ್ತವೆ. ಅವಕಾಶ ಕೊಡುವುದೆಂದರೆ ಅಧಿಕಾರ ಕೊಟ್ಟಂತೆ ಅಲ್ಲವೆ?

ಮೊದಲು ಕೆಲಸಕ್ಕೆ ಹೋಗಿಬರುವ ದಾರಿಯನ್ನೇ ನೋಡೋಣ. ಬೆಂಗಳೂರಿನವರಿಗಂತೂ ಅರ್ಧ ಆಯುಷ್ಯ ಅಲ್ಲೇ ಕಳೆಯುತ್ತದೆ.

1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬೆಂಗಳೂರಿಗೆ ಬಂದವು. ಕಾರ್ಖಾನೆಯ ಜೊತೆಗೇ ಕಾಲೊನಿಯೂ ಎದ್ದಿತು. ಜಾಲಹಳ್ಳಿಯಲ್ಲಿ, ದೂರವಾಣಿನಗರದಲ್ಲಿ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಮೈದಾನ. ಸೈರನ್ ಕೂಗುವ ಹೊತ್ತಿಗೆ ಸೈಕಲ್ಲುಗಳ ಸಾಲು ಗೇಟಿನ ಮುಂದೆ. ಕಾಲೊನಿಯಲ್ಲಿ ಮನೆ ಸಿಗದವರಿಗೆ ಮಲ್ಲೇಶ್ವರದಿಂದಲೋ ಹಲಸೂರಿನಿಂದಲೋ ಕಂಪನಿಯ ಬಸ್ಸು. ಊಟ ಕ್ಯಾಂಟೀನಿನಲ್ಲಿ, ಸ್ಟೀಲ್ ತಟ್ಟೆಯಲ್ಲಿ. ಆಗ ಯಾರೂ ಇಂಗಾಲದ ಲೆಕ್ಕ ಹಾಕುತ್ತಿರಲಿಲ್ಲ. ಆ ಕಾರ್ಖಾನೆಗಳ ಒಳಗೆ ಎಣ್ಣೆ, ಆಸಿಡ್ಡು, ಲೋಹದ ಲೇಪನದ ಕೊಳೆನೀರು ಎಲ್ಲವೂ ಇತ್ತು, ಅದನ್ನು ಮರೆತು ಹಳೆಯ ಕಾಲವನ್ನು ಹೊಗಳಲು ನಾನು ಬಂದಿಲ್ಲ. ಆದರೂ ಕೆಲಸಗಾರನನ್ನು ಕೆಲಸದ ಹತ್ತಿರ ನೆಲೆಗೊಳಿಸುವ ಒಂದೇ ತೀರ್ಮಾನದಿಂದ ಸಾವಿರಾರು ಜನರ ದಿನನಿತ್ಯದ ಪೆಟ್ರೋಲು ಉಳಿಯಿತು. ಆ ತೀರ್ಮಾನ ಬಂದದ್ದು ಸಿಬ್ಬಂದಿ ಕಲ್ಯಾಣದ ಕಡತದಿಂದ.

ಈಗಿನ ಟೆಕ್ ಪಾರ್ಕಿಗೆ ಬನ್ನಿ. ನೌಕರ ಹೊರಮಾವಿನಲ್ಲಿ, ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಅವನನ್ನು ಅಲ್ಲಿಗೆ ನೇಮಿಸುವಾಗ ಅವನ ಮನೆ ಎಲ್ಲಿ ಎಂದು ಕೇಳಿದವರಿಲ್ಲ. ಕಂಪನಿಗೆ ವೈಟ್‌ಫೀಲ್ಡಿನಲ್ಲೂ ಒಂದು ಕಟ್ಟಡ ಇರಬಹುದು, ಅಲ್ಲಿ ಇದೇ ಕೆಲಸ ಮಾಡುವವನೊಬ್ಬ ಬೊಮ್ಮಸಂದ್ರದಿಂದ ಬರುತ್ತಿರಬಹುದು. ಬೆಳಿಗ್ಗೆ ಇಬ್ಬರೂ ಎದುರುಬದುರು ದಿಕ್ಕಿನಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುತ್ತಾರೆ. ಇಬ್ಬರ ಜಾಗ ಅದಲುಬದಲು ಮಾಡಲು ಹೊಸ ರಸ್ತೆ, ಮೇಲ್ಸೇತುವೆ, ಸುರಂಗ ಯಾವುದೂ ಬೇಡ. ಸಿಬ್ಬಂದಿ ವಿಭಾಗದ ಒಂದು ಆದೇಶ ಸಾಕು.

ಇನ್ನು ಸಂಬಳದ ಚೀಟಿ. ಅದರಲ್ಲಿರುವ ಪರಿಸರ ನೀತಿಯನ್ನು ಯಾರೂ ಓದುವುದಿಲ್ಲ. ಕಂಪನಿ ಕೊಟ್ಟ ಕಾರನ್ನು ನೌಕರ ಸ್ವಂತಕ್ಕೂ ಬಳಸಿದರೆ ಆ ಸವಲತ್ತಿಗೆ ಆದಾಯ ತೆರಿಗೆ ಕಟ್ಟಬೇಕು. ಆ ಸವಲತ್ತಿನ ಬೆಲೆಯನ್ನು ತೆರಿಗೆ ನಿಯಮಗಳು ಬಹುಕಾಲ ಎಷ್ಟೆಂದು ಹಿಡಿದಿದ್ದವು ಗೊತ್ತೆ? ಪೆಟ್ರೋಲು, ರಿಪೇರಿ ಎಲ್ಲ ಕಂಪನಿಯದೇ ಆದರೂ, 1.6 ಲೀಟರಿನೊಳಗಿನ ಎಂಜಿನ್ನಿನ ಕಾರಿಗೆ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,400, ಡ್ರೈವರ್ ಇದ್ದರೆ ಇನ್ನೊಂದು 900. ಹಾಗಾಗಿ ಸಂಬಳವನ್ನು ಕಾರಿನ ರೂಪದಲ್ಲಿ ಪಡೆಯುವುದು ಜಾಣತನ ಎಂದು ಲೆಕ್ಕಪತ್ರದವರೇ ಕಲಿಸಿಕೊಟ್ಟರು. ಬಸ್ಸಿನಲ್ಲಿ ಬರುವವನಿಗೆ ತಿಂಗಳಿಗೆ 1,600 ರೂಪಾಯಿಯ ಪ್ರಯಾಣ ಭತ್ಯೆಗೆ ವಿನಾಯಿತಿ ಇತ್ತು. 2018ರಲ್ಲಿ ಅದನ್ನು ತೆಗೆದು ಎಲ್ಲರಿಗೂ ಒಂದೇ ಸಮನಾದ ಕಡಿತ ಕೊಟ್ಟರು. ಇದು ಸರ್ಕಾರದ ಲೆಕ್ಕಾಚಾರ, ಕಂಪನಿಯ ಕೈಯಲ್ಲಿಲ್ಲ ಅನ್ನಬಹುದು. ಆದರೆ ಗ್ರೇಡು ಏರಿದ ಹಾಗೆ ತಿಂಗಳ ಪೆಟ್ರೋಲಿನ ಮಿತಿ ಏರಿಸುವುದು ಕಂಪನಿಯದೇ ನಿಯಮ. ಕಾರು ನಿಲ್ಲಿಸುವ ಜಾಗ ಪುಕ್ಕಟೆ, ಬಸ್ ಪಾಸು ಸ್ವಂತ ಖರ್ಚು, ಇದೂ ಕಂಪನಿಯದೇ ನಿಯಮ. ಬಡ್ತಿ ಎಂದರೆ ಹೆಚ್ಚು ಪೆಟ್ರೋಲು ಸುಡುವ ಪರವಾನಗಿ ಎಂಬಂತೆ ಸಂಬಳ ಹೆಣೆದು, ಆಮೇಲೆ ಕಾರು ಹಂಚಿಕೊಳ್ಳಿ ಎಂದು ಪೋಸ್ಟರ್ ಅಂಟಿಸಿದರೆ ಕೇಳುವವರು ಯಾರು?

2010ರಲ್ಲಿ ಬಿಎಂಟಿಸಿ ಪ್ರತಿ ತಿಂಗಳ 4ನೇ ತಾರೀಕನ್ನು ಬಸ್ ದಿನ ಎಂದು ಸಾರಿತು. ಕಂಪನಿಗಳು ಉತ್ಸಾಹದಿಂದ ಕೈಜೋಡಿಸಿದವು. ಆದರೆ ತಿಂಗಳಲ್ಲಿ ಒಂದು ದಿನ ಬಸ್ಸು ಹತ್ತಿದವನು 5ನೇ ತಾರೀಕು ಮತ್ತೆ ಕಾರು ತೆಗೆದ. ಕೆಲಸದ ವೇಳೆ, ಪಾರ್ಕಿಂಗು, ಭತ್ಯೆ ಎಲ್ಲವೂ ಹಿಂದಿನ ಹಾಗೇ ಇದ್ದರೆ ಅವನಾದರೂ ಏನು ಮಾಡಿಯಾನು? 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರಿನ ಹಳದಿ ಮಾರ್ಗದ ಮೆಟ್ರೊ ಶುರುವಾಯಿತು. ಆ ಮಾರ್ಗದ ಕೋಣಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್, ಹೆಬ್ಬಗೋಡಿ ನಿಲ್ದಾಣಕ್ಕೆ ಬಯೋಕಾನ್ ಹಣ ಕೊಟ್ಟಿವೆ. ಒಳ್ಳೆಯ ಕೆಲಸ. ಇನ್ನು ಮುಂದಿನದು ಸಿಬ್ಬಂದಿ ವಿಭಾಗಗಳ ಪಾಲಿನದು. ನಿಲ್ದಾಣದಿಂದ ಗೇಟಿನವರೆಗೆ ಸಣ್ಣ ಬಸ್ಸು ಓಡಿಸುವುದು, ಮೆಟ್ರೊ ಕಾರ್ಡಿಗೆ ಹಣ ತುಂಬುವುದು, ಒಂಬತ್ತರ ಬದಲು ಹತ್ತಕ್ಕೆ ಬರುತ್ತೇನೆ ಎಂದವನಿಗೆ ತಡವಾಗಿ ಬಂದವನೆಂಬ ಕೆಂಪು ಗುರುತು ಹಾಕದಿರುವುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ರಾತ್ರಿ ಪಾಳಿಯ ಹೆಣ್ಣುಮಕ್ಕಳನ್ನು ಮನೆಯವರೆಗೆ ಬಿಡುವ ವಾಹನ ನಮ್ಮ ರಾಜ್ಯದಲ್ಲಿ ಕಡ್ಡಾಯ. ಇಂಧನ ಉಳಿಸುವ ನೆಪದಲ್ಲಿ ಅದಕ್ಕೆ ಕತ್ತರಿ ಹಾಕುವ ಹಸಿರು ನಮಗೆ ಬೇಡ.

ಕೋವಿಡ್ ಬಂದ ಮೇಲೆ ಮನೆಯಿಂದಲೇ ಕೆಲಸ, ವಾರಕ್ಕೆ ಎರಡು ಮೂರು ದಿನ ಕಚೇರಿ ಎಂಬ ಪದ್ಧತಿ ಬಂತು. ಪ್ರಯಾಣ ಉಳಿದದ್ದು ನಿಜ. ಆದರೆ ಕಚೇರಿಯ ಒಳಗೆ ನೋಡಿ. ಎಂಟು ಮಹಡಿ, ಪ್ರತಿ ಮಹಡಿಯಲ್ಲೂ ಅಲ್ಲೊಬ್ಬ ಇಲ್ಲೊಬ್ಬ, ಎಂಟೂ ಮಹಡಿಯಲ್ಲಿ ಎ.ಸಿ. ಓಡುತ್ತಿರುತ್ತದೆ. ಬಂದವರನ್ನೆಲ್ಲ ಮೂರು ಮಹಡಿಯಲ್ಲಿ ಕೂರಿಸಿ ಉಳಿದ ಐದನ್ನು ಮುಚ್ಚುವುದಕ್ಕೆ ಎಂಜಿನಿಯರ್ ಬೇಡ. ಯಾವ ತಂಡ ಯಾವ ವಾರ ಎಲ್ಲಿ ಕೂರಬೇಕೆಂಬ ರೋಸ್ಟರ್ ಬೇಕು. ಅದನ್ನು ಬರೆಯುವವರು ಯಾರೆಂದು ನಿಮಗೆ ಗೊತ್ತು.

ಹಾಗೆಂದು ಎಲ್ಲರೂ ಕಣ್ಣುಮುಚ್ಚಿ ಕೂತಿಲ್ಲ. ಇನ್ಫೋಸಿಸ್ ಹೈದರಾಬಾದಿನ ಪೋಚಾರಂನಲ್ಲಿ 2011ರಲ್ಲಿ ಒಂದು ಕಟ್ಟಡ ಕಟ್ಟಿತು. ನಡುವಿನಲ್ಲಿ ಇಬ್ಭಾಗ. ಒಂದು ಅರ್ಧಕ್ಕೆ ಎಲ್ಲರೂ ಬಳಸುವ ಎ.ಸಿ., ಇನ್ನೊಂದು ಅರ್ಧಕ್ಕೆ ಕಾಂಕ್ರೀಟಿನೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸಿ ತಂಪು ಮಾಡುವ ವಿಧಾನ. ಕೊಳವೆಯ ಭಾಗ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು ವಿದ್ಯುತ್ ಉಳಿಸಿತು. 2008ಕ್ಕೂ 2018ಕ್ಕೂ ನಡುವೆ ಆ ಕಂಪನಿ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಲೆಕ್ಕ ತಲಾ ಎಂದು ಹಾಕಿದ್ದು ಮುಖ್ಯ. ಚದರ ಅಡಿಗೆ ಎಷ್ಟು ಎಂದು ಹಾಕಿದರೆ ಜವಾಬ್ದಾರಿ ಕಟ್ಟಡದವರದಾಗುತ್ತದೆ. ತಲೆಗೆ ಎಷ್ಟು ಎಂದಾಗ, ಅಷ್ಟು ತಲೆಗಳಿಗೆ ಎಷ್ಟು ಜಾಗ, ಎಷ್ಟು ಹೊತ್ತು ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದೆ.

ಇಷ್ಟು ಹೊತ್ತು ಹೇಳಿದ್ದು ಸುಲಭದ ಭಾಗ. ಕಷ್ಟದ ಭಾಗ ಕಾರ್ಖಾನೆಯ ಹಿಂಬದಿಯಲ್ಲಿದೆ.

ಬಟ್ಟೆಗೆ ಬಣ್ಣ ಹಾಕುವ, ಲೋಹಕ್ಕೆ ಲೇಪನ ಹಚ್ಚುವ, ಔಷಧ ತಯಾರಿಸುವ ಘಟಕಗಳಲ್ಲಿ ಕೊಳೆನೀರು ಶುದ್ಧಿ ಮಾಡುವ ಯಂತ್ರವಿರುತ್ತದೆ. ಕೆಲಸದವರ ಬಾಯಲ್ಲಿ ಅದು ಇಟಿಪಿ. 1974ರ ಜಲ ಕಾಯ್ದೆಯ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದು, ಅದರ ಷರತ್ತಿನಂತೆ ನೀರು ಬಿಡಬೇಕು. ಆ ಇಟಿಪಿಯನ್ನು ನಡೆಸುವವನು ಯಾರು? ಬಹಳ ಕಡೆ ಗುತ್ತಿಗೆದಾರನ ಕಡೆಯಿಂದ ಬಂದ ಹುಡುಗ. ಕಾರ್ಖಾನೆಯ ಸಂಬಳಪಟ್ಟಿಯಲ್ಲಿ ಅವನ ಹೆಸರಿಲ್ಲ. ತರಬೇತಿ ಎಂದರೆ ಹಿಂದಿನವನು ಬಿಟ್ಟುಹೋಗುವ ಮುಂಚೆ ತೋರಿಸಿಕೊಟ್ಟಿದ್ದಷ್ಟೆ. ಸುಣ್ಣ, ಪಟಿಕ ಎಷ್ಟು ಹಾಕಬೇಕೆಂಬುದು ಕೈ ಅಂದಾಜು. ರಾತ್ರಿ ಗಾಳಿಯೂದುವ ಬ್ಲೋಯರ್ ಆಫ್ ಮಾಡು, ಕರೆಂಟ್ ಬಿಲ್ ಜಾಸ್ತಿ ಬರುತ್ತಿದೆ ಎಂದು ಸೂಪರ್‌ವೈಸರ್ ಹೇಳಿದರೆ ಅವನು ಎದುರಾಡುವ ಹಾಗಿಲ್ಲ. ಸೂಪರ್‌ವೈಸರನ ಬೋನಸ್ಸು ಉತ್ಪಾದನೆಯ ಮೇಲೆ ನಿಂತಿದೆ. ಮ್ಯಾನೇಜರನ ಬಡ್ತಿ ಖರ್ಚು ಉಳಿಸಿದ್ದರ ಮೇಲೆ ನಿಂತಿದೆ. ಕೊನೆಗೆ ನೀರು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಪಶ್ಚಿಮ ಭಾಗದ್ದಾದರೆ ವೃಷಭಾವತಿಗೆ, ಅಲ್ಲಿಂದ ಬೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಗೆ, ಕಡೆಗೆ ಕಾವೇರಿಗೆ.

ಹೊಳೆಗೂ ಕಾರ್ಖಾನೆಗೂ ನಡುವೆ ನಿಂತಿರುವ ಕೊನೆಯ ಮನುಷ್ಯ ಆ ಹುಡುಗ. ಅವನದೇ ಅತಿ ಕಡಿಮೆ ಸಂಬಳ, ಅತಿ ಕಡಿಮೆ ತರಬೇತಿ, ಅತಿ ಕಡಿಮೆ ಅಧಿಕಾರ. ಕಾನೂನು ಹಿಡಿಯುವುದು ಕಾರ್ಖಾನೆಯ ಮಾಲೀಕನನ್ನು, ನಿಜ. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಮಾಲೀಕ ಅಲ್ಲಿರುವುದಿಲ್ಲ. ಕಾರ್ಖಾನೆಯ ಪರಿಸರ ನೀತಿ ಏನೆಂದು ತಿಳಿಯಬೇಕಾದರೆ ನಾನು ಗೋಡೆಯ ಮೇಲಿನ ಚೌಕಟ್ಟು ಓದುವುದಿಲ್ಲ. ಇಟಿಪಿ ಆಪರೇಟರ್ ಯಾವ ಗ್ರೇಡಿನವನು, ಟ್ಯಾಂಕು ತುಂಬಿದಾಗ ಉತ್ಪಾದನೆ ನಿಲ್ಲಿಸಿ ಎನ್ನುವ ಹಕ್ಕು ಅವನಿಗಿದೆಯೆ ಎಂದು ಕೇಳುತ್ತೇನೆ. ಅಪಾರ್ಟ್‌ಮೆಂಟು, ಹೋಟೆಲುಗಳ ಚರಂಡಿ ನೀರಿನ ಶುದ್ಧೀಕರಣ ಘಟಕಗಳದೂ ಇದೇ ಕಥೆ, ಇನ್ನೂ ಕ್ರೂರವಾದದ್ದು. ಅಲ್ಲಿ ಗುಂಡಿಗಿಳಿದವರು ಉಸಿರುಕಟ್ಟಿ ಸತ್ತ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 2013ರ ಕಾಯ್ದೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದನ್ನು ನಿಷೇಧಿಸಿದ ಮೇಲೂ ಬರುತ್ತಿದೆ.

ಜನರನ್ನು ಕಡಿತ ಮಾಡುವ ತೀರ್ಮಾನ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಭೋಪಾಲಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1984ರ ಡಿಸೆಂಬರ್ 2ರ ರಾತ್ರಿಯನ್ನು ನಾವು ಅನಿಲ ದುರಂತ ಎಂದು ನೆನೆಯುತ್ತೇವೆ. ಅದರ ಹಿಂದಿನ ವರ್ಷಗಳನ್ನು ಸಿಬ್ಬಂದಿ ವಿಭಾಗದ ಕಣ್ಣಿನಿಂದ ನೋಡಿ. ಯೂನಿಯನ್ ಕಾರ್ಬೈಡಿನ ಆ ಕಾರ್ಖಾನೆ ನಷ್ಟದಲ್ಲಿತ್ತು, ಖರ್ಚು ಕಡಿಮೆ ಮಾಡಬೇಕಿತ್ತು. ವಿಷಾನಿಲದ ಘಟಕದಲ್ಲಿ ಒಂದು ಪಾಳಿಗೆ ಇದ್ದ ಹನ್ನೆರಡು ಜನರನ್ನು ಆರಕ್ಕೆ ಇಳಿಸಿದರು. ತರಬೇತಿಯ ಅವಧಿ ಮೊಟಕಾಯಿತು. ರಾತ್ರಿ ಪಾಳಿಯ ನಿರ್ವಹಣಾ ಸೂಪರ್‌ವೈಸರನ ಹುದ್ದೆ ಹೋಯಿತು. 1981ರಲ್ಲೇ ಅನಿಲ ಸೋರಿ ಒಬ್ಬ ಕಾರ್ಮಿಕ ಸತ್ತಿದ್ದ, ಕಾರ್ಮಿಕ ಸಂಘದವರು ಎಚ್ಚರಿಸಿದ್ದರು. ಪತ್ರಕರ್ತ ರಾಜಕುಮಾರ್ ಕೇಸ್ವಾನಿ 1982ರಲ್ಲೇ ಊರಿಗೆ ಒದಗಲಿರುವ ಗಂಡಾಂತರದ ಬಗ್ಗೆ ಬರೆದಿದ್ದರು. ಆ ರಾತ್ರಿ ತಂಪಾಗಿಡುವ ಯಂತ್ರ ನಿಂತಿತ್ತು, ಅನಿಲ ಸುಡುವ ಗೋಪುರ ಕೆಲಸ ಮಾಡುತ್ತಿರಲಿಲ್ಲ. ಹೀಗೆ ನಿಂತಿದ್ದ ಯಂತ್ರಗಳ ಪಟ್ಟಿ ಎಲ್ಲ ವರದಿಗಳಲ್ಲೂ ಇದೆ. ಅದೇ ವರದಿಗಳಲ್ಲಿ ಜನರ ಕಡಿತವೂ ಇದೆ. ಆದರೆ ಹುದ್ದೆ ರದ್ದು ಮಾಡಿದ ಟಿಪ್ಪಣಿಯನ್ನು ಪರಿಸರದ ದಾಖಲೆ ಎಂದು ಓದುವ ಅಭ್ಯಾಸ ನಮಗೆ ಬೆಳೆದಿಲ್ಲ.

ಭೋಪಾಲದ ನಂತರ, 1987ರಲ್ಲಿ, 1948ರ ಕಾರ್ಖಾನೆ ಕಾಯ್ದೆಗೆ ಒಂದು ಹೊಸ ಅಧ್ಯಾಯ ಸೇರಿತು. ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಇರುವ ಸುರಕ್ಷತಾ ಸಮಿತಿ ಇರಬೇಕು. ಅಪಾಯ ಎದುರಿಗಿದೆ ಎಂದು ಕಾರ್ಮಿಕನಿಗೆ ಅನ್ನಿಸಿದರೆ ಅವನು ಆಡಳಿತಕ್ಕೆ ಹೇಳಬಹುದು, ಅದೇ ಹೊತ್ತಿಗೆ ಸರ್ಕಾರದ ಇನ್‌ಸ್ಪೆಕ್ಟರಿಗೂ ಹೇಳಬಹುದು. ಈ ಹಕ್ಕು 41-ಎಚ್ ಕಲಮಿನಲ್ಲಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಅವುಗಳಲ್ಲೂ ಅದರ ಸಾರ ಉಳಿದಿದೆ. ನಮ್ಮ ದೇಶದ ಹಸಿರು ಸಿಬ್ಬಂದಿ ನೀತಿಗೆ ಬುನಾದಿ ಯಾವುದೆಂದು ಕೇಳಿದರೆ ನಾನು ತೋರಿಸುವುದು ಈ ಹಕ್ಕನ್ನು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಕ್ಯಾಂಟೀನು, ಗುರುತಿನ ಚೀಟಿ, ರಜೆಯ ನಿಯಮ ಎಲ್ಲ ಹೇಳಿಕೊಡುತ್ತಾರೆ. ಇದನ್ನು ಹೇಳಿಕೊಡುವವರು ಎಷ್ಟು ಮಂದಿ?

ಮಾತನಾಡುವ ಹಕ್ಕಿಲ್ಲದ ಕಡೆ ಸಲಹಾ ಪೆಟ್ಟಿಗೆಯಿಂದ ಎಷ್ಟು ಪ್ರಯೋಜನ ಎಂಬುದಕ್ಕೆ ಅಮೆರಿಕದ 3ಎಂ ಕಂಪನಿಯ ಕಥೆ ಇದೆ. ಅದು 1975ರಲ್ಲಿ, ಮಾಲಿನ್ಯ ತಡೆದರೆ ಹಣ ಉಳಿಯುತ್ತದೆ ಎಂಬ ಹೆಸರಿನಲ್ಲೇ ಒಂದು ಯೋಜನೆ ತಂದಿತು. ಕೊಳೆಯನ್ನು ಕೊನೆಯಲ್ಲಿ ತೊಳೆಯುವ ಬದಲು ಮೊದಲೇ ಹುಟ್ಟದಂತೆ ಮಾಡುವ ಉಪಾಯವನ್ನು ಯಾವ ನೌಕರ ಬೇಕಾದರೂ ಮುಂದಿಡಬಹುದು, ಒಪ್ಪಿಗೆಯಾದರೆ ಅವನಿಗೆ ಮನ್ನಣೆ. ಸಾವಿರಾರು ಉಪಾಯಗಳು ಬಂದವು, ಕಂಪನಿಗೆ ಅಪಾರ ಹಣ ಉಳಿಯಿತು. ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಇವತ್ತಿಗೂ ಅದು ಮಾದರಿ. ಅದೇ ಕಂಪನಿ ಪರಿಸರದಲ್ಲಿ ಕೊಳೆಯದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳನ್ನೂ ದಶಕಗಳ ಕಾಲ ತಯಾರಿಸುತ್ತಿತ್ತು. ಅಲ್ಲಿನ ಪರಿಸರ ತಜ್ಞ ರಿಚ್ ಪರ್ಡಿ ಅವುಗಳ ಬಗ್ಗೆ ಒಳಗೇ ಎಚ್ಚರಿಸಿ ಎಚ್ಚರಿಸಿ ಸಾಕಾಗಿ, 1999ರಲ್ಲಿ ರಾಜೀನಾಮೆ ಬರೆದು ಅದರ ಪ್ರತಿಯನ್ನು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಗೂ ಕಳಿಸಿದರು. 2023ರಲ್ಲಿ ಅಲ್ಲಿನ ಊರುಗಳ ಕುಡಿಯುವ ನೀರಿನ ಸಂಸ್ಥೆಗಳಿಗೆ ಸಾವಿರ ಕೋಟಿ ಡಾಲರಿಗೂ ಮೀರಿದ ಪರಿಹಾರ ಕೊಡಲು ಕಂಪನಿ ಒಪ್ಪಬೇಕಾಯಿತು. ಸಣ್ಣ ಉಪಾಯ ಕೊಟ್ಟವನಿಗೆ ಬಹುಮಾನ ಸಿಕ್ಕಿತು, ದೊಡ್ಡ ಸತ್ಯ ಹೇಳಿದವನು ಕೆಲಸ ಬಿಟ್ಟು ಹೋದ.

ಇನ್ನೊಂದು ಕಡೆಯ ಬಗ್ಗೆಯೂ ಒಂದೆರಡು ಮಾತು. ಪರಿಸರ ಉಳಿಯಬೇಕಾದರೆ ಕೆಲವು ಕೆಲಸಗಳು ನಿಲ್ಲಲೇಬೇಕಾಗುತ್ತದೆ. ಕುದುರೆಮುಖ ನಮ್ಮ ಕಣ್ಣೆದುರಿನ ಉದಾಹರಣೆ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರಿನ ಕಂಪನಿಯ ಗಣಿಯನ್ನು ನಿಲ್ಲಿಸಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಭದ್ರೆಗೂ ಶೋಲಾ ಕಾಡಿಗೂ ಅದು ಬೇಕೇ ಇತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗಣಿಗಾಗಿ ಕಟ್ಟಿದ ಊರು ಬರಿದಾಯಿತು. ಇಂಥ ಸಂದರ್ಭದಲ್ಲಿ ಕಾಯಂ ನೌಕರನಿಗೆ ವರ್ಗಾವಣೆಯ ದಾರಿ, ಸ್ವಯಂ ನಿವೃತ್ತಿಯ ದಾರಿ ಇರುತ್ತದೆ. ಗುತ್ತಿಗೆಯವನಿಗೆ, ಗೇಟಿನೆದುರು ಹೋಟೆಲು ಇಟ್ಟವನಿಗೆ ಏನಿರುತ್ತದೆ? ಅವರಿಗೆ ಬೇರೆ ಕಸುಬು ಕಲಿಸುವ ಯೋಜನೆ ಮುಚ್ಚುವ ಆದೇಶದ ಜೊತೆಯಲ್ಲೇ ಬರದಿದ್ದರೆ ಕಾಡು ಉಳಿಸಿದವರನ್ನು ಶತ್ರುಗಳೆಂದು ನೋಡುವ ಒಂದು ತಲೆಮಾರೇ ಹುಟ್ಟಿಕೊಳ್ಳುತ್ತದೆ. ಕಲ್ಲಿದ್ದಲು ಗಣಿ, ಪೆಟ್ರೋಲ್ ಎಂಜಿನ್ನು ಮುಂದೆ ಇದೇ ದಾರಿ ಹಿಡಿಯಲಿವೆ. ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಬಿಚ್ಚಿ ಜೋಡಿಸುವವನಿಗೆ ಬ್ಯಾಟರಿಯ ವಿದ್ಯೆ ಕಲಿಸುವ ಕಾಲ ಇದು.

ಇದೆಲ್ಲ ಕಂಪನಿಗಳ ಕಾಗದದಲ್ಲಿ ಹೇಗೆ ಕಾಣುತ್ತದೆ ನೋಡಿ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಪೇಟೆಯ ಮೊದಲ 1,000 ದೊಡ್ಡ ಕಂಪನಿಗಳು 2022-23ರಿಂದ ಪ್ರತಿ ವರ್ಷ ತಮ್ಮ ಹೊಣೆಗಾರಿಕೆಯ ವರದಿ ಕೊಡಬೇಕು. ಅದರಲ್ಲಿ ಒಂಬತ್ತು ತತ್ವಗಳಿವೆ. ಮೂರನೆಯದು ನೌಕರರ ಯೋಗಕ್ಷೇಮ, ಆರನೆಯದು ಪರಿಸರ. ಮೂರನೆಯ ತತ್ವದ ಕಾಲಂಗಳನ್ನು ಸಿಬ್ಬಂದಿ ವಿಭಾಗ ತುಂಬುತ್ತದೆ, ಆರನೆಯದನ್ನು ಪರಿಸರ ವಿಭಾಗ ತುಂಬುತ್ತದೆ. ಬಹಳ ಕಡೆ ಇಬ್ಬರೂ ಭೇಟಿಯಾಗುವುದು ವರದಿಯನ್ನು ಹೊಲಿಯುವ ದಿನ ಮಾತ್ರ. ಎಷ್ಟು ಕಿಲೋಲೀಟರ್ ನೀರು ಶುದ್ಧಿಯಾಯಿತು ಎಂಬ ಅಂಕಿ ಒಂದು ಪುಟದಲ್ಲಿರುತ್ತದೆ. ಅದನ್ನು ಶುದ್ಧಿ ಮಾಡಿದವನಿಗೆ ಎಷ್ಟು ದಿನ ತರಬೇತಿ ಸಿಕ್ಕಿತು ಎಂಬುದು ಆ ಪುಟದಲ್ಲಿ ಇರುವುದಿಲ್ಲ.

ಈ ಮಾತನ್ನು ಕೇಳುತ್ತಿರುವ ಸಿಬ್ಬಂದಿ ಅಧಿಕಾರಿಗಳಲ್ಲಿ ನನ್ನದೊಂದು ಕೋರಿಕೆ. ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ಸಂಸ್ಥೆಯ ಹಿಂಬದಿಗೆ ಹೋಗಿ, ಕೊಳೆನೀರಿನ ಘಟಕ ನಡೆಸುವವನನ್ನು ಮಾತನಾಡಿಸಿ. ಹೆಸರೇನು, ಯಾರ ಕಡೆಯವನು, ಸಂಬಳ ಎಷ್ಟು, ಕಲಿಸಿಕೊಟ್ಟವರು ಯಾರು, ಮಧ್ಯರಾತ್ರಿ ಪಂಪು ಕೆಟ್ಟರೆ ಯಾರಿಗೆ ಫೋನ್ ಮಾಡುತ್ತೀಯ ಎಂದು ಕೇಳಿ. ಅವನು ಹೇಳಿದ್ದನ್ನು ಬರೆದುಕೊಳ್ಳಿ. ಮುಂದಿನ ಬಡ್ತಿ ಸಮಿತಿಯ ಸಭೆಗೆ ಹೋಗುವಾಗ ಆ ಚೀಟಿ ನಿಮ್ಮ ಕಡತದಲ್ಲಿರಲಿ.